ಮಡಿಕೆ ಕೆಡದ ಹಾಗೆ

ಅವರೆಲ್ಲ ಹೋದ ಭಾನುವಾರವೇ ರೈಲು ಹತ್ತಿದರು.
ಗುವಾಹಟಿ. ಹೆಸರು ಹೇಳುವಾಗ ಈಗಲೂ
ನಾಲಿಗೆ ಒಮ್ಮೆ ಎಡವುತ್ತದೆ.
ಹುಡುಗನಿಗೂ ಮೌನಿಕಳಿಗೂ ಒಟ್ಟಿಗೆ ರಜೆ ಸಿಗಲಿಲ್ಲವಂತೆ,
ಕ್ಯಾಂಪಿನ ಗುಡಿಯಲ್ಲೇ ಧಾರೆ.
ನನ್ನನ್ನು ಕರೆಯಲಿಲ್ಲ ಎಂದಲ್ಲ.
"ಮೂರು ದಿನದ ಪ್ರಯಾಣ, ನಿನ್ನ ಮಂಡಿ ಬೇರೆ..."
ಅತ್ತಿಗೆ ಮಾತನ್ನು ನನ್ನ ಮಂಡಿಯ ಮೇಲಿಟ್ಟು ಎದ್ದುಹೋದರು.

ಸೀರೆ ಹಿಂದುಳಿದದ್ದು ಕುಚ್ಚಿನಿಂದ.
ಶಿಡ್ಲಘಟ್ಟದಲ್ಲಿ ಶಾಹೀನಾಳ ಹಾಗೆ ಕುಚ್ಚು ಕಟ್ಟುವವರಿಲ್ಲ,
ಅವಳಿಗೋ ಡೆಂಗಿ, ಹತ್ತು ದಿನ ಹಾಸಿಗೆ.
ಎದ್ದು ಗೋಡೆಗೊರಗಿ, ನಡುಗುವ ಬೆರಳಲ್ಲಿ
ಕೊನೆಯ ಗಂಟು ಹಾಕುವ ಹೊತ್ತಿಗೆ
ರೈಲು ಎಲ್ಲೋ ಬಂಗಾಳದಲ್ಲಿತ್ತು.

ಹೀಗೆ, ಮುಟ್ಟಬಾರದವಳ ಕೈಗೇ ಬಂತು.
ಫೋನಿನಲ್ಲಿ ಅತ್ತಿಗೆ ತುಸು ಹೊತ್ತು ಸುಮ್ಮನಿದ್ದು
"ಚೀಲದಲ್ಲೇ ಇರಲಿ ಮುನಿಲಕ್ಷ್ಮಿ, ಬಿಚ್ಚಬೇಡ,
ಮಡಿಕೆ ಕೆಡುತ್ತೆ" ಅಂದರು.
ಮಡಿಕೆ ಅಂತಲೇ ಅಂದದ್ದು.
ನಾನೂ ಸರಿಯಾಗೇ ಕೇಳಿಸಿಕೊಂಡೆ.

ವಿಮಾನ ನಮಗೇನು ಹೊಸದಲ್ಲ,
ದೇವನಹಳ್ಳಿಯಿಂದೆದ್ದು ದಿನಕ್ಕೆಷ್ಟೋ ಸಲ
ನೂಲು ತೆಗೆಯುವ ಶೆಡ್ಡಿನ ಶೀಟು ನಡುಗಿಸುತ್ತವೆ.
ಇಪ್ಪತ್ತಾರು ವರ್ಷ ಕುದಿನೀರಿನಲ್ಲಿ
ಗೂಡಿನ ಎಳೆ ಹುಡುಕಿದ್ದೇನೆ,
ತಲೆಯೆತ್ತಿದರೆ ಎಳೆ ತಪ್ಪುತ್ತದೆ.

ಬೆಲ್ಟಿನ ಮೇಲೆ ಚೀಲ ಕತ್ತಲಿಗೆ ಹೋಯಿತು.
ಪರದೆಯಲ್ಲಿ ಇಣುಕಿದೆ:
ಅರಿಶಿನದ ಸೀರೆ ಬರೀ ಕಿತ್ತಳೆ ಮಬ್ಬು,
ಜರಿಯ ಅಂಚು ನೀಲಿ ನೀಲಿ,
ಆಸ್ಪತ್ರೆಯಲ್ಲಿ ತೆಗೆದ ಎಲುಬಿನ ಫೋಟೋದ ಹಾಗೆ.
ಕತ್ತರಿ ಎತ್ತಿಟ್ಟ ಪೊಲೀಸು ಹುಡುಗಿ ಹಿಂದಿಯಲ್ಲಿ ಏನೋ ಕೇಳಿದಳು.
ಶಾದಿ ಅನ್ನುವುದೊಂದು ತಿಳಿಯಿತು.
ತಲೆಯಾಡಿಸಿದೆ.
ಅವಳು ನನ್ನನ್ನೇ ಮೇಲಿಂದ ಕೆಳಗೆ ನೋಡಿ
ಕೈ ಕುಲುಕಿ ನಕ್ಕಳು.
ನಿಮ್ಮದಾ ಅಂತ ಕೇಳಿರಬೇಕು.

ಕಾಲ ಬಳಿ ಇಡಿ ಎಂದಳು ಗಗನಸಖಿ.
ಧಾರೆ ಸೀರೆ, ಕಾಲ ಬಳಿ!
ಆಗ ಮೇಲಿನ ಗೂಡಿಗೆ ಹೋಯಿತು.
ದೀಪ ಆರಿದ ಮೇಲೆ, ಬಾತ್ ರೂಮಿಗೆ ಎದ್ದ ಹುಡುಗನೊಬ್ಬನಿಂದ
ಇಳಿಸಿಕೊಂಡು ಮಡಿಲಲ್ಲಿಟ್ಟುಕೊಂಡೆ.

ಕಿಟಕಿಯಾಚೆ ಮೋಡ, ನೆನೆಸಿಟ್ಟ ಗೂಡಿನ ರಾಶಿ.
ತಲೆಯ ಮೇಲಿನ ತೂತಿನಿಂದ ಸುರಿಯುವ ಚಳಿಗಾಳಿ,
ತಿರುಗಿಸುವುದು ಹೇಗೋ ಗೊತ್ತಿಲ್ಲ.
ಮಂಡಿ ಒಳಗೊಳಗೇ ಅರೆಯತೊಡಗಿತು.
ಪಕ್ಕದವನು ಬಾಯಿ ತೆರೆದು ನಿದ್ದೆ.
ನಮ್ಮ ಪೈಕಿಯವರು ಯಾರೂ ಇಷ್ಟೆತ್ತರದಲ್ಲಿಲ್ಲ.

ಒಂದು ಗೇಣು ಜಿಪ್ ಎಳೆದೆ.
ಬೇರೆ ಯಾರ ಮೂಗಿಗೂ ಸಿಗದು,
ಇಷ್ಟು ಬಣ್ಣ, ಇಷ್ಟು ಇಸ್ತ್ರಿ ಆದ ಮೇಲೂ
ತಳದಲ್ಲೆಲ್ಲೋ ಬೆಂದ ಹುಳದ ವಾಸನೆ.
ರೇಷ್ಮೆ ಚಿಟ್ಟೆಗೆ ರೆಕ್ಕೆಯಿದೆ, ಹಾರಲಾಗದು,
ಬಿದಿರ ತಟ್ಟೆಯಲ್ಲಿ ಕೂತಲ್ಲೇ ಅದುರುತ್ತದೆ.
ನಾವು ಅಷ್ಟಕ್ಕೂ ಬಿಡುವುದಿಲ್ಲ ಅನ್ನಿ.

ಸೆರಗನ್ನಷ್ಟೇ ತೆಗೆದು
ಮಂಡಿಗಳ ಮೇಲೆ ಹೊದ್ದೆ.
ಕುಚ್ಚುಗಳು ಪಾದದವರೆಗೂ ಇಳಿದವು.
ನನ್ನ ಮದುವೆಯಲ್ಲಿ ನನಗೆ ಹದಿನಾರು,
ಸೀರೆಯ ಬಣ್ಣ ಕೂಡ ನೆನಪಿಲ್ಲ,
ಬೆನ್ನ ಹಿಂದೆ ಚುಚ್ಚಿದ ಒಂದು ಪಿನ್ನು ನೆನಪಿದೆ.
ಎಷ್ಟೋ ಹೊತ್ತು ಹಾಗೇ ಕೂತೆ.
ಸೀರೆಗೆ ಏನೂ ಆಗಲಿಲ್ಲ.
ವಿಮಾನಕ್ಕೂ.

ಕಿವಿ ಮುಚ್ಚಿಕೊಂಡು ಇಳಿಯತೊಡಗಿದಾಗ
ಹಳೆಯ ಗೆರೆಯ ಮೇಲೇ ಬೆರಳಿಟ್ಟು ಮಡಿಸಿದೆ,
ಎಳೆಗೆ ಎಳೆ ಕೂಡಿಸುವುದು ನನಗೇನು ಕಷ್ಟ.

ಕ್ಯಾಂಪಿನ ಗೇಟಿನಲ್ಲೇ ಅತ್ತಿಗೆ ಚೀಲ ತೆರೆದು
ಅಂಚಿನುದ್ದಕ್ಕೂ ಕೈಯಾಡಿಸಿ ನೋಡಿದರು.
"ಪುಣ್ಯ, ಒಂದು ಮಡಿಕೆಯೂ ಕೆಟ್ಟಿಲ್ಲ."
ಹ್ಞೂಂ ಅಂದೆ.
ಆಮೇಲೆ ನೆನಪಾಯಿತೇನೋ, ಕೇಳಿದರು
ಮಂಡಿ ನೋವು ಹೇಗಿದೆ ಅಂತ.
ಈಗ ಪರವಾಗಿಲ್ಲ ಅಂದೆ.