ಗೆರೆ ದಾಟಿದ ಕೆಂಪು

ಕಾಗದಕ್ಕೀಗ ಚಹಾದ ಬಣ್ಣ. ತೆರೆದರೆ
ಅಂಚು ಉದುರುತ್ತದೆ, ಹಳಸಿದ ಬಿಸ್ಕತ್ತಿನ ಹಾಗೆ.
ಶೂ ಡಬ್ಬಿಯಲ್ಲಿ ಒಂಬತ್ತು ಸಂಚಿಕೆ.
ಹತ್ತನೆಯದನ್ನು ಅಮ್ಮ ಒಲೆಗೆ ಹಾಕಿದ್ದಳು,
ಅರವತ್ತೆರಡರ ಈಸ್ಟರಿಗೆ ಎರಡು ದಿನ ಮೊದಲು,
ದೆವ್ವದ ಪುಸ್ತಕವೆಂದು.

ಹ್ರುಶ್ಕಾನ ಔಷಧದಂಗಡಿಯಲ್ಲಿ ಹನ್ನೆರಡು ಸೆಂಟು.
ಏಳು ನನ್ನದು, ಐದು ಗಾಶ್ಪರನದು;
ಆದರೂ ಮೊದಲು ಓದುವವನು ಅವನೇ.
ನಾನು ಅವನ ಹೆಗಲ ಮೇಲಿಂದ ಇಣುಕುತ್ತ
ಪುಟ ತಿರುಗಿಸೋ, ತಿರುಗಿಸೋ ಎಂದು ಗೋಗರೆಯುತ್ತ.

ಕತೆಯೇನೂ ಮಹಾ ಅಲ್ಲ.
ಏಳನೇ ಚಂದ್ರದಿಂದ ಇಳಿದವರು, ಮೈಯೆಲ್ಲ ಬೂದು ಕಣಕ,
ತಮ್ಮನ್ನು ತಾವೇ ನಾದಿಕೊಂಡು
ಬೇಕಾದ ಮುಖ ತಟ್ಟಿಕೊಳ್ಳುವರು.
ಮೇಯರು, ಪಾದ್ರಿ, ಹಾಲಿನವನು.
ಬೆಳ್ಳಿ ಕೈಗವಸಿನ ನಾಯಕ ದಣಿದು ಮನೆಗೆ ಬಂದರೆ
ಊಟದ ಮೇಜಿನಲ್ಲಿ ತಾನೇ ಕೂತು
ಸೂಪು ಕುಡಿಯುತ್ತಿದ್ದಾನೆ.
ಅಚ್ಚು ಅವನೇ.
ಹೆಂಡತಿ ಇನ್ನೊಂದು ಸೌಟು ಬಡಿಸುತ್ತಿದ್ದಾಳೆ.

ಗುಟ್ಟು ಕಂಡುಹಿಡಿದವನು ಗಾಶ್ಪರ್:
ಬಣ್ಣ ಗೆರೆ ಮೀರಿದವನೇ ಕಳ್ಳ.
ನೋಡು, ಇವನ ತುಟಿಯ ಕೆಂಪು ಕೆನ್ನೆಗೆ ಜಾರಿದೆ,
ಇವಳ ಹಳದಿ ಕೂದಲು ತಲೆ ಬಿಟ್ಟು ಗೋಡೆ ಮೇಲಿದೆ.
ಅದು ಮುದ್ರಣಯಂತ್ರದ ಸೋಮಾರಿತನವೆಂದು
ನಮಗೆ ಹೇಳುವವರಾದರೂ ಯಾರು?

ಆ ಬೇಸಗೆಯೆಲ್ಲ ಯಂಗ್ಸ್‌ಟೌನನ್ನು ಹಾಗೇ ನೋಡಿದೆವು.
ಲೈಬ್ರರಿಯ ಮಿಸ್ ಡೋರ್ಸಿಯ ಲಿಪ್‌ಸ್ಟಿಕ್ ಹಲ್ಲಿಗೆ ಹತ್ತಿತ್ತು:
ಅವಳು ಹೌದು.
ಅಪ್ಪ ಕುಲುಮೆಯ ರಾತ್ರಿಪಾಳಿ ಮುಗಿಸಿ ಬಂದ,
ಕಿವಿಯ ಹಿಂದೆ ತುಕ್ಕಿನ ಕಿತ್ತಳೆ ಧೂಳು,
ಕಾರ್ಖಾನೆಯಲ್ಲಿ ಪೀಟ್, ಚರ್ಚಿನಲ್ಲಿ ಪಾವೊಲ್.
ಅಪ್ಪನ ತೀರ್ಪು ಮುಂದೂಡಿದೆವು.

ನಮಗೆ ನಾವೇ ಒಂದು ಪ್ರಶ್ನೆ ಗೊತ್ತುಮಾಡಿಕೊಂಡೆವು,
ಕಲ್ಲಿದ್ದಲ ಕೋಣೆಯ ಕತ್ತಲಲ್ಲಿ.
ನಮ್ಮಲ್ಲೊಬ್ಬರನ್ನು ಹೊತ್ತೊಯ್ದು ಆ ಜಾಗದಲ್ಲಿ
ಅವರು ಬಂದು ಕೂತರೆ ಕೇಳಬೇಕಾದದ್ದು.
ಉತ್ತರ ಯಾರಿಗೂ ಹೇಳಕೂಡದು,
ಪಾದ್ರಿಯ ಮುಂದೆ ಮಂಡಿಯೂರಿದಾಗಲೂ.

ಈಗ ಗಾಶ್ಪರನಿಗೆ ಎಪ್ಪತ್ತೆಂಟು. ಆರೈಕೆಮನೆ, ಕೋಣೆ ನೂರಾ ಹದಿನಾಲ್ಕು.
ನನ್ನನ್ನು ತುಂಬ ಹೊತ್ತು ನೋಡುತ್ತಾನೆ.
ಮೂಗು ಸರಿಯಾಗಿದೆ, ಅನ್ನುತ್ತಾನೆ. ದನಿಯೂ ಪರವಾಗಿಲ್ಲ.
ಚೆನ್ನಾಗಿ ಕಲಿತು ಬಂದಿದ್ದೀಯ.
ನಮ್ಮ ಮಿಲ್ಕಾಳನ್ನು ಎಲ್ಲಿಟ್ಟಿದ್ದೀರಿ?

ಡಾಕ್ಟರು ಇದಕ್ಕೊಂದು ಫ್ರೆಂಚ್ ಹೆಸರು ಹೇಳಿದರು.
ಬರೆದುಕೊಂಡೆ. ಚೀಟಿ ಕೋಟಿನ ಜೇಬಿನಲ್ಲೇ ಎಲ್ಲೋ ಇದೆ.

ಇವತ್ತು ಡಬ್ಬಿ ತಂದೆ.
ಅವನ ನಡುಗುವ ಬೆರಳು ಪುಟ ಹರಿಯಲಿಲ್ಲ,
ಒಂದಂಚೂ ಉದುರಲಿಲ್ಲ. ನನ್ನ ಕೈಯಲ್ಲಿ ಉದುರಿತ್ತು.
ಕನ್ನಡಕ ಹಾಕಿಕೊಂಡು ಹೆಗಲ ಮೇಲಿಂದ ಬಗ್ಗಿದೆ:
ಎಲ್ಲರ ಬಣ್ಣವೂ ಜಾರಿದೆ, ಹಾಲಿನವನದು, ಹೆಂಡತಿಯದು,
ನಾಯಕನದಂತೂ ಕೈಗವಸಿನಿಂದ ಇಡೀ ಬೆರಳಗಲ.

ಸೂಪಿನ ಚಿತ್ರದಲ್ಲಿ ಅವನು ನಿಂತ.
ತಲೆ ಎತ್ತಿದ. ಹನ್ನೊಂದು ವರ್ಷದ ಕಣ್ಣು.
ತಗ್ಗಿದ ದನಿಯಲ್ಲಿ, ಕೇಳಿಯೇಬಿಟ್ಟ:
ಸೋಮವಾರದ ಬಣ್ಣ ಯಾವುದು?

ಹೌದು. ಅದೇ ಪ್ರಶ್ನೆ.
ಕಲ್ಲಿದ್ದಲ ವಾಸನೆ ಬಂತು, ಅವನ ಉಗುರಿನ ಮಸಿ ಬಂತು,
ಮೇಲೆ ಅಮ್ಮನ ಹೆಜ್ಜೆ ಬಂತು.
ಉತ್ತರ ಬರಲಿಲ್ಲ.

ಕೆಂಪು, ಅಂದೆ.

ಪುಸ್ತಕವನ್ನು ಮೆಲ್ಲಗೆ ಮುಚ್ಚಿದ.
ಗೆದ್ದವನ ಮುಖ. ನನ್ನ ಬಣ್ಣ ಬಯಲಾಗಿತ್ತು.
ಆದರೆ ಗಂಟೆ ಒತ್ತಿ ಯಾರನ್ನೂ ಕರೆಯಲಿಲ್ಲ,
ಕುರ್ಚಿಯ ಮೇಲಿನ ಶಾಲು ತೆಗೆದು ಜಾಗ ಮಾಡಿದ.
ಅವಳು ಬರುವ ತನಕ ಕೂತಿರು, ಅಂದ.
ಐದಕ್ಕೆ ಸೂಪು ಕೊಡುತ್ತಾರೆ. ರುಚಿಯಿಲ್ಲ. ಬಿಸಿ ಇರುತ್ತದೆ.

ಕುಡಿದೆ.

ಆಮೇಲೆ ಪಾರ್ಕಿಂಗಿನಲ್ಲಿ, ಕಾರು ಶುರುಮಾಡದೆ,
ಗಟ್ಟಿಯಾಗಿ ಒಂದೊಂದೇ ಹೇಳಿ ನೋಡಿದೆ:
ನೀಲಿ. ಹಸಿರು. ಕಂದು. ಆ ಕಿತ್ತಳೆ.
ಯಾವ ಬಣ್ಣಕ್ಕೂ
ಸೋಮವಾರ ಓಗೊಡಲಿಲ್ಲ.