ಇಪ್ಪತ್ನಾಲ್ಕು ಡಬ್ಬಿಯ ಕಟ್ಟೆ

ಹೊಳೆಹಂಗರಗಿ ರೋಡ್ ಎಂದು ಬೋರ್ಡಿನಲ್ಲಿದೆ.
ಊರು ಇಲ್ಲಿಂದ ಏಳು ಮೈಲು; ರೋಡು ಮಾತ್ರ ನಮ್ಮದು.
ಬಾಗಲಕೋಟೆ ಕಡೆಯಿಂದ ಒಂದೇ ಹಳಿ ಬರುತ್ತದೆ,
ಎರೆಹೊಲದ ನಡುವೆ ಏನೋ ನೆನಪಾದಂತೆ
ಮೂರಾಗಿ ಬಿಚ್ಚಿ,
ಅರ್ಧ ಮೈಲು ಹಾಗೇ ಮೈಚೆಲ್ಲಿ,
ಮತ್ತೆ ಒಂದಾಗಿ ಗದಗಿನ ಕಡೆ ಹೊರಟುಹೋಗುತ್ತದೆ.
ಆ ಬಿಚ್ಚುವುದಕ್ಕೂ ಕೂಡುವುದಕ್ಕೂ ನಡುವಿನ ಜಾಗಕ್ಕೆ
ನಾನು ಮಾಸ್ತರ.

ಮೊದಲು ಕಟ್ಟೆ ಬೇವಿನ ಮರದ ತನಕ ಇತ್ತು.
ಹೋದ ವರ್ಷ ಕಾಗದ ಬಂತು:
ಇಪ್ಪತ್ನಾಲ್ಕು ಡಬ್ಬಿಗೆ ಸಾಲುವಂತೆ ಬೆಳೆಸಿ.
ಬೆಳೆಸಿದರು. ಬೇವು ದಾಟಿ, ನೀರಿನ ಟಾಕಿ ದಾಟಿ,
ಯಾರದೋ ಹಳೇ ಗೋರಿಯನ್ನು ಬಳಸಿ
ಬಿಳಿಜೋಳದೊಳಗೆ ಹೊಕ್ಕು ನಿಂತಿತು.
ನಿಲ್ಲುವ ಗಾಡಿ ದಿನಕ್ಕೆರಡು.
ಎಂಟು ಡಬ್ಬಿ. ಎರಡು ನಿಮಿಷ.
ಉಳಿದ ಹದಿನಾರು ಡಬ್ಬಿಯಷ್ಟು ಕಟ್ಟೆ
ಎಸ್-ಐದು, ಬಿ-ಎರಡು ಎಂಬ ಹಳದಿ ಫಲಕ ತೂಗಿಕೊಂಡು
ನೆಂಟರಿಗೆಂದು ಹಾಸಿದ ಜಮಖಾನದ ಹಾಗೆ.

ಒಮ್ಮೆ ಮಾತ್ರ ತುಂಬಿತ್ತು.
ಮೇನ್ ಲೈನಿನಲ್ಲಿ ಸಿಮೆಂಟಿನ ಮಾಲುಗಾಡಿ ಕೆಟ್ಟು ನಿಂತ ರಾತ್ರಿ
ಎಕ್ಸ್‌ಪ್ರೆಸ್ಸನ್ನು ಲೂಪಿಗೆ ತಂದೆವು.
ತುದಿಯಿಂದ ತುದಿಗೆ ಸರಿಯಾಗಿ ಕೂತಿತು, ಒರೆಗೆ ಕತ್ತಿಯಂತೆ.
ಒಬ್ಬನೇ ಇಳಿದ. ಯಾವ ಊರು ಎಂದ.
ಏಳು ಮೈಲು ಎಂದೆ. ಹತ್ತಿ ಮಲಗಿದ.

ಖಾಲಿ ಬಿಟ್ಟ ಕಟ್ಟೆ ತಾನೇ ಜನ ಹುಡುಕಿಕೊಳ್ಳುತ್ತದೆ.
ಸ್ಟೇಷನ್ ಹಿಂದಿನ ಹನ್ನೊಂದು ಮನೆಯಿಂದ
ನೇಕಾರ ಗುರುಸಿದ್ಧಪ್ಪ ಕೇಳಿದ:
‘ಇಷ್ಟು ನೆಟ್ಟಗಿನ ಜಾಗಾ ನಮ್ಮ ಓಣ್ಯಾಗ ಎಲ್ಲೈತ್ರೀ?
ಹಾಸು ಹಿಡೀತೀನಿ, ಗಾಡಿ ಬರೂದ್ರೊಳಗ ಸುತ್ತಿ ಬಿಡ್ತೀನಿ.’
ಕೆಂಪು ನೂಲು ಫಲಕದಿಂದ ಫಲಕಕ್ಕೆ ಹೋಯಿತು.
ಬೆಳಗಿನ ಗಾಳಿಗೆ ಅದು ನಡುಗುವಾಗ
ನಾಲ್ಕನೆಯ ಲೈನು ಹಾಕಿದ ಹಾಗೆ ಕಾಣುತ್ತಿತ್ತು;
ಯಾವ ನಕಾಶೆಯಲ್ಲೂ ಇಲ್ಲದ್ದು.

ಅವನ ಮಗಳು ದಾಕ್ಷಾಯಿಣಿ. ಪೊಲೀಸ್ ಆಗಬೇಕು.
ನಾನೂರು ಮೀಟರು, ಎರಡು ನಿಮಿಷದೊಳಗೆ.
ಅಂದರೆ ಒಂದು ಗಾಡಿ ನಿಂತು ಹೊರಡುವಷ್ಟರಲ್ಲಿ
ಅವಳು ಓಡಿ ಮುಗಿಸಬೇಕು.
ಕಾಟೆ ತಿರುಗಿಸುವ ದಾವಲಸಾಬ ನದಾಫ
(ಈಗ ಗುಂಡಿ ಒತ್ತಿದರೆ ಕಾಟೆ ತಾನೇ ತಿರುಗುತ್ತದೆ,
ಅವನ ತೋಳು ಇನ್ನೂ ನಂಬಿಲ್ಲ)
ನಸುಕಿನಲ್ಲಿ ಬೇವಿನ ಬುಡದಲ್ಲಿ ನಿಂತು
ಹಸಿರು ದೀಪ ತೋರುತ್ತಾನೆ.
ಬರಿಗಾಲು ಸಿಮೆಂಟಿಗೆ ಬೀಳುವ ಸದ್ದು
ನನ್ನ ಟೇಬಲ್ಲಿನ ಚಹಾದವರೆಗೆ ಬರುತ್ತದೆ.
‘ಎರಡು ಹದಿನಾಕು!’ ಎಂದು ಕೂಗುತ್ತಾನೆ.
‘ಲೇಟು, ಬೇ. ಗಾಡಿ ಹೋತು.’

ಲೂಪಿನ ತುದಿಗೆ ಒಂದು ಕವಲಿದೆ. ಎಲ್ಲಿಗೂ ಹೋಗುವುದಿಲ್ಲ.
ಬ್ರೇಕು ಹಿಡಿಯದ ಗಾಡಿ ಎದುರಿನದಕ್ಕೆ ಹಾಯದಿರಲೆಂದು
ಹಳಿ ಮುಗಿದ ಮೇಲೂ ಮರಳು ಸುರಿದ ದಿಬ್ಬ.
ಇಷ್ಟು ವರ್ಷದಲ್ಲಿ ಯಾವ ಗಾಡಿಯೂ ಅಲ್ಲಿ ಬಿದ್ದಿಲ್ಲ.
ದಾಕ್ಷಾಯಿಣಿ ಬೀಳುತ್ತಾಳೆ.
ಉದ್ದ ಜಿಗಿತಕ್ಕೆ ಬೇರೆ ಮರಳು ಈ ಹರದಾರಿಯಲ್ಲಿಲ್ಲ.
ಅಲ್ಲಿಗೆ ಯಾರೂ ಹೋಗಕೂಡದು, ಅದು ನಿಯಮ.
ತಡೆಯಬೇಕಾದವನು ನಾನು.
ನನ್ನ ಕಿಟಕಿಗೆ ಆ ತುದಿ ಕಾಣುವುದಿಲ್ಲ.
(ಎದ್ದು ನಿಂತರೆ ಕಾಣುತ್ತದೆ.)

ತಪಾಸಣೆಗೆ ಬಂದ ಸಾಹೇಬರು ಮರಳ ಮುಂದೆ ನಿಂತರು.
‘ಏನಿದು ಗುರುತು?’
‘ನರಿ, ಸಾಹೇಬ್ರ’ ಎಂದ ದಾವಲಸಾಬ.
‘ನರಿಗೆ ಹಿಮ್ಮಡಿ ಇರ್ತದೇನು?’
‘ಈ ಕಡೀ ನರಿಗೋಳು ಹಂಗ ಇರ್ತಾವ್ರೀ.’
ಸಾಹೇಬರು ನನ್ನನ್ನು ನೋಡಿದರು.
ನಾನು ಸಿಗ್ನಲ್ ನೋಡಿದೆ.

ಪರೀಕ್ಷೆಯ ದಿನ ಬೆಳಗಿನ ಪ್ಯಾಸೆಂಜರು
ಎಂದಿನಂತೆ ಬೇವಿನ ನೆರಳಿಗೆ ಬಂದು ನಿಂತಿತು.
ಸಾಲದ ಬೂಟು ಕೈಯಲ್ಲಿ ಹಿಡಿದು,
ಓಡದೆ, ಸಾವಕಾಶ ನಡೆದು, ಹತ್ತಿದಳು.
ಗಾಡಿಗೆ ಅವತ್ತೂ ಎರಡೇ ನಿಮಿಷ.

ಇನ್ನೂ ಏನೂ ತಿಳಿದಿಲ್ಲ. ಯಾದಿ ಬರಬೇಕಂತೆ.
ನಿನ್ನೆ ಸಂಜೆ ದಾವಲಸಾಬ ದಂತಾಳಿ ಹೊತ್ತು
ಆ ತುದಿಗೆ ಹೊರಟ. ಯಾಕೆಂದೆ.
‘ಗಾಡಿ ಬಂದರ ಮೆತ್ತಗ ಇರಲಿ ಅಂತ್ರೀ.’
ಕತ್ತಲಾದ ಮೇಲೆ ಬ್ಯಾಟರಿ ಹಿಡಿದು ಹೋಗಿ ನೋಡಿದೆ.
ಮರಳೆಲ್ಲ ಬಾಚಿದ ತಲೆಯಂತೆ ಸಪಾಟು.
ಎಲ್ಲಕ್ಕಿಂತ ದೂರದ ಒಂದು ಗುರುತಿನ ಹತ್ತಿರ ಮಾತ್ರ
ದಂತಾಳಿ ಬಳಸಿಕೊಂಡು ಹೋಗಿತ್ತು.

ಮರಳಿ ಬಂದು ರಿಜಿಸ್ಟರಿನಲ್ಲಿ ಬರೆದೆ:
ಮರಳು ಸರಿ ಇದೆ.