ಗೋಣಿತಟ್ಟು

ಬೆಳಗಾವಿಯ ಕಸಾಯಿ ಗಲ್ಲಿ, ಬೆಳಗಿನ ಐದೂವರೆ.
ನನ್ನ ನೀಲಿ ಡಬ್ಬಿಗೆ ಐಸು ತುಂಬುತ್ತ
ರಾಜೇಸಾಬ ಬೇಪಾರಿ ಕೇಳುತ್ತಾರೆ:
"ಗುಂಡಿಗಿ ಬ್ಯಾಡ, ಕಾಳಜ ಬ್ಯಾಡ,
ಪಕ್ಕಡಿ ಒಳಗಿನ ಆ ತೆಳ್ಳಾನ ಪೊರಿ ಒಯ್ದು
ಏನ್ ಮಾಡ್ತೀರವ್ವಾ? ನಾಯಿನೂ ಮೂಸಂಗಿಲ್ಲ."

ಉಳ್ಳಾಗಡ್ಡಿಯ ಒಳಸಿಪ್ಪೆಯಷ್ಟೇ ಅದು.
ಉಪ್ಪುನೀರಲ್ಲಿ ತೊಳೆದು
ಎರಡು ಗಾಜಿನ ಕೋಣೆಗಳ ನಡುವೆ ಬಿಗಿದು ಕೂರುತ್ತೇನೆ.
ಕುರಿ ಸತ್ತು ಗಂಟೆಯಾಯಿತು.
ಪೊರೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಒಂದು ಹನಿ ಅಡ್ರಿನಲಿನ್.
ಮೀಟರಿನ ಮುಳ್ಳು ಎದ್ದು ಕೂರುತ್ತದೆ.
ಮಿದುಳಿಲ್ಲ, ಓಡಲು ಕಾಲಿಲ್ಲ,
ಆದರೂ ಕಣಕಣದ ಮೇಲೆ ಕೂತ ಆ ಗ್ರಾಹಕಗಳಿಗೆ
ಹೆದರಿಕೆಯ ಕೈಬರಹ ಗೊತ್ತು.
ಓದಿದ್ದೇ ತಡ ಉಪ್ಪು ದಾಟುತ್ತದೆ,
ಉಪ್ಪಿನ ಬೆನ್ನು ಹಿಡಿದು ನೀರು.
ಓಡಬೇಕಾದ ಜೀವದ ಎದೆಯಲ್ಲಿ
ನೀರು ನಿಂತರೆ ಹೇಗೆ?

ಇನ್ನೊಂದು ದಿನ ಮೊದಲೇ ಪ್ರೊಪ್ರನಲಾಲ್ ಸುರಿದು ನೋಡಿದೆ.
ಆಮೇಲೆ ಎಷ್ಟು ಬಡಿದರೂ
ಒಳಗಿನಿಂದ ಯಾರೂ ಚಿಲಕ ತೆಗೆಯಲಿಲ್ಲ.
ಗ್ರಾಫಿನ ಸಪಾಟು ಗೆರೆ ಕಂಡು ಗೈಡಿಗೆ ಖುಷಿ.
ನನಗೆ ಯಾಕೋ ಅವತ್ತು ಚಹಾ ಸೇರಲಿಲ್ಲ.

ರಾಜೇಸಾಬರದೊಂದು ನಿಯಮ:
ಸರದಿ ಕಾಯೋ ಕುರಿಗೆ ಚೂರಿ ತೋರಸಬಾರದು.
ನಡುವೆ ಒಂದು ಗೋಣಿತಟ್ಟು.
ಈಚೆ ಕೆಲಸ, ಆಚೆ ಮೇವು.
ನಾನು ದಿನಾ ಹನಿಹನಿಯಾಗಿ ಏನು ತೊಟ್ಟಿಕ್ಕಿಸುತ್ತೇನೆಂದು
ಅವರಿಗೆ ಹೇಳಿರಲಿಲ್ಲ.

ಡಿಸೆಂಬರಿನಲ್ಲಿ ನಾಲ್ಕು ದಿನ ಅಂಗಡಿ ಮುಚ್ಚಿತ್ತು.
ಐದನೆಯ ದಿನ, ನಮ್ಮದೇ ಆಸ್ಪತ್ರೆಯ ಎದೆ ವಾರ್ಡಿನಲ್ಲಿ
ಮೇಜಿಗೆ ತೋಳೂರಿ, ಬೆನ್ನು ಬಿಚ್ಚಿ ಕೂತಿದ್ದರು.
ಎಡ ಪುಪ್ಪುಸದ ಸುತ್ತ ಒಂದೂವರೆ ಲೀಟರು,
ಕಣಿಕಿ ಬಣ್ಣದ ನೀರು.
ಸೂಜಿಯ ಕಡೆ ತಿರುಗಿ ತಿರುಗಿ ನೋಡುತ್ತಿದ್ದರು,
ಚೂರಿ ಹಿಡಿದ ಕೈ ನಡುಗುತ್ತಿತ್ತು.

ಆ ಹೆದರಿಕೆಯೂ ಒಳಗಿಳಿದು ಪೊರೆಯ ಕದ ತಟ್ಟುತ್ತಿರಬೇಕು,
ಒಂದೆರಡು ಹನಿ ಹೀರಿಸುತ್ತಿರಬೇಕು.
ಒಂದೂವರೆ ಲೀಟರಿಗೆ ಅದು ಎಲ್ಲಿ ಸಾಕು?

ಟ್ರೇಗೂ ಅವರ ಕಣ್ಣಿಗೂ ನಡುವೆ ಹೋಗಿ ನಿಂತೆ,
ಬಿಳಿ ಕೋಟಿನ ಎರಡೂ ಅಂಚು ಅಗಲಿಸಿ.
ಅವರಿಗೆ ತಿಳಿಯಿತು.
"ಗೋಣಿತಟ್ಟು ಆತು," ಅಂದರು, ಅರ್ಧ ಉಸಿರಲ್ಲಿ.
"ಮೇವು ಎಲ್ಲೈತ್ರೀ?"

ಕೋಟಿನ ಜೇಬಿನಲ್ಲಿ ಒಂದು ಪೆಪ್ಪರಮಿಂಟಿತ್ತು, ಕೊಟ್ಟೆ.
ಸೂಜಿ ಪಕ್ಕೆಲುಬಿನ ಸಂದಿಗೆ ಇಳಿಯುವಾಗ
ಅದು ಅವರ ಹಲ್ಲಿನಲ್ಲಿ
ಕಟುಂ ಎಂದಿತು.